ಘ ಕಮ್ಮಿ ಬಿದ್ದ ತಿಂಗಳು

ಆ ತಿಂಗಳು ನಮ್ಮ ಪ್ರೆಸ್ಸಿನಲ್ಲಿ ಘ ಕಮ್ಮಿ ಬಿತ್ತು.
ಇದ್ದ ಹದಿನಾಲ್ಕೂ ಸಹಕಾರ ಸಂಘದ ವಾರ್ಷಿಕ ವರದಿಯೊಳಗೆ
ಸಂಘ, ಸಂಘದ, ಸಂಘಕ್ಕೆ ಎಂದು ಸಿಕ್ಕಿಬಿದ್ದು
ದಾರ ಸುತ್ತಿಸಿಕೊಂಡು ಗ್ಯಾಲಿಯಲ್ಲಿ ಮಲಗಿದ್ದವು,
ಕರಡು ತಿದ್ದಿ ಕಳಿಸದ ಕಾರ್ಯದರ್ಶಿಗೆ ಕಾಯುತ್ತ.

ಇತ್ತ ಸಂಪಾದಕ ಮುರುಗೇಂದ್ರಪ್ಪನವರು
'ಎಡವಟ್ಟು' ಮಾಸಿಕದ ಹಾಳೆ ತಂದು ಎದುರಿಗಿಟ್ಟರು:
ಗಡಿಯಾರ ಕಂಬದ ಹತ್ತಿರದ ಟಾಕೀಸಿಗೆ ಬಂದ
ಮಾಯಾಚಿತ್ರ 'ಏಳು ಗವಿಯ ಮಣಿ'ಗೆ ಅಣಕ,
ಹನ್ನೆರಡು ಪುಟ, ಸಾಲಿಗೊಮ್ಮೆ ಮಾಂತ್ರಿಕ ಘೋರಾಕ್ಷ.

"ಸಾರ್, ಘ ಇಲ್ಲ."
"ಮತ್ತೇನೈತಿ?"
"ಬ ಐತಿ, ಬೇಕಾದಷ್ಟು."
ಎಲೆಅಡಿಕೆ ಬಾಯಲ್ಲೇ ನಿಂತಿತು. ಕಣ್ಣು ಸಣ್ಣಗಾದವು.
"ಹಾಕು ಬ."

ಹಾಗೆ ಹುಟ್ಟಿದ ಬೋರಾಕ್ಷ.
ಶಾಪ ಕೊಡದೆ, ಸುಟ್ಟು ಬೂದಿ ಮಾಡದೆ,
ಸಿಕ್ಕವರನ್ನು ಕೂರಿಸಿಕೊಂಡು
ಮುನಿಸಿಪಾಲ್ಟಿ ಸಭೆಯ ನಡಾವಳಿ ಓದುತ್ತಿದ್ದ.
ಮೂರನೇ ಠರಾವಿಗೆ ರಾಕ್ಷಸರೂ ಆಕಳಿಸಿ ಕಲ್ಲಾಗುತ್ತಿದ್ದರು.

ರಾಜಕುಮಾರನ ಪಾಡು ಇನ್ನೂ ಕಡೆ.
ಏಳು ಸಮುದ್ರ ಒಂದೇ ನೆಗೆತಕ್ಕೆ ಹಾರಿದ ಕುದುರೆ
ಅಶೋಕ ರಸ್ತೆಯ ರೈಲ್ವೆ ಗೇಟಿಗೆ ಬಂದು ನಿಂತಿತು.
ಒಂದು ಗೂಡ್ಸು ಹೋಯಿತು. ಇನ್ನೊಂದು ಬರುವುದಿತ್ತು.
ಪುಟ ನಾಲ್ಕರಿಂದ ಒಂಬತ್ತರವರೆಗೆ ಗೇಟು ತೆಗೆಯಲಿಲ್ಲ.
ಅಷ್ಟರಲ್ಲಿ ಕುದುರೆಗೆ ಅಲ್ಲೇ ಸಂಬಂಧ ಕುದುರಿ
ಜಟಕಾ ಸ್ಟ್ಯಾಂಡಿನಲ್ಲಿ ಮನೆ ಮಾಡಿತು.

ಚಿತ್ರ ಬರೆದವನು ಪೇಂಟರ್ ದಾದಾಪೀರ.
ಹಗಲು ಟಾಕೀಸಿನ ಮುಂದೆ ಬಿದಿರಿನ ಅಟ್ಟ ಹತ್ತಿ
ರಾಜಕುಮಾರನಿಗೆ ಹತ್ತಡಿ ಎದೆ ಕೊಟ್ಟವನೂ ಅವನೇ,
ರಾತ್ರಿ ಅದೇ ಎದೆಯ ಮೇಲೆ ಮಂಡಕ್ಕಿ ಚೆಲ್ಲಿ
ಕೈಗೆ ಕಚ್ಚಿದ ಮೆಣಸಿನಕಾಯಿ ಕೊಟ್ಟವನೂ ಅವನೇ.
ಕೂಲಿ ಎರಡೂ ಕಡೆ ಬಾಕಿ.
ಬೆಂಕಿಯುಗುಳುವ ಸರ್ಪವನ್ನು ಅವನು
ಮಂಡಕ್ಕಿ ಭಟ್ಟಿಯಲ್ಲಿ ದಿನಗೂಲಿಗೆ ಹಚ್ಚಿದ್ದ,
ಹುಬ್ಬು ಸುಟ್ಟು, ಹೆಗಲ ಮೇಲೊಂದು ಟವೆಲ್ಲು.
ಹಾವಿಗೆಲ್ಲಿಯ ಹೆಗಲು ಮಾರಾಯ ಅಂದರೆ
ದುಡಿಯೋರಿಗೆ ಬಂದೇ ಬರ್ತದೆ ಅಂದ.
ಥೇಟು ಅವನ ಅಣ್ಣನ ಮುಖ.
ಅಣ್ಣ ನೋಡಿ ನಕ್ಕ. ನಕ್ಕು ಕೆಮ್ಮಿದ. ಬಹಳ ಹೊತ್ತು ಕೆಮ್ಮಿದ.

ಪತ್ರಿಕೆ ಬಂತು. ನೊಣ ಹೊಡೆಯುತ್ತಿದ್ದ ಟಾಕೀಸು ತುಂಬಿತು.
ಜನ ಹೋದದ್ದು ಸಿನಿಮಾಕ್ಕಲ್ಲ,
ಅಣಕದಲ್ಲಿದ್ದದ್ದು ಅಲ್ಲಿ ಇದೆಯೋ ಇಲ್ಲವೋ ತಾಳೆ ನೋಡಲು.
ಪ್ರತಿಜ್ಞೆ ಮಾಡಿ ಕತ್ತಿ ಹಿರಿದ ರಾಜಕುಮಾರನಿಗೆ
ನೆಲದ ಸಾಲಿನಿಂದ ಒಂದೇ ಕೂಗು:
"ಗೇಟ್ ಹಾಕ್ಯಾರೋ!"
ಬಡಿದಾಡಲೆಂದು ಪ್ರೆಸ್ಸಿಗೆ ಬಂದ ಮ್ಯಾನೇಜರು
ಚಹ ಕುಡಿದು, ಮುಂದಿನ ಪಿಚ್ಚರಿಗೂ ಒಂದು ಬರೀರಿ ಅಂದ.

ನಾನು ಹೋದದ್ದು ಕೊನೆಯ ದಿನ, ಎರಡನೇ ಆಟಕ್ಕೆ.
ಎಲ್ಲ ನಾನೇ ಮೊಳೆ ಜೋಡಿಸಿದ ಮಾತು,
ನಗಲು ತಯಾರಾಗಿ ಕೂತೆ.
ಆಮೇಲೆ ಸಮುದ್ರ ಬಂತು.
ತೊಟ್ಟಿಯ ನೀರಂತೆ, ಬಟ್ಟೆಯ ಮೋಡವಂತೆ, ದಾದಾಪೀರ ಹೇಳಿದ್ದ.
ಇರಬಹುದು.
ನಾನು ಅಲ್ಲಿಯವರೆಗೆ ಕಂಡ ದೊಡ್ಡ ನೀರು ಭದ್ರಾ ಕಾಲುವೆ.
ಹಿಂದಿನವನು ಗೇಟು ಗೇಟು ಎಂದು ಶುರುಮಾಡಿದ.
ತಿರುಗಿ, ಸುಮ್ನಿರಲೇ ಅಂದೆ.
ಯಾಕೆ ಅಂದೆನೋ.

ಸೋಮವಾರ ಸಂಘದ ವರದಿ ಅಚ್ಚಾಯಿತು. ದಾರ ಬಿಚ್ಚಿ
ಅಕ್ಷರಗಳನ್ನು ಅವವುಗಳ ಮನೆಗೆ ಹಾಕುತ್ತ ಕೂತೆ.
ಹದಿನಾಲ್ಕನೆಯ ಘ ಬೆರಳಿಗೆ ಬಂತು, ಮಸಿ ಹಸಿ.
ಯಾರೂ ಇರಲಿಲ್ಲ. ಸ್ಟಿಕ್ಕಿನಲ್ಲಿ ಒಂದೇ ಪದ ಜೋಡಿಸಿದೆ,
ಘೋರಾಕ್ಷ,
ತಲೆಕೆಳಗಾಗಿ, ನಮ್ಮ ಕಸುಬಿನವರು ಓದುವ ಹಾಗೆ ಓದಿದೆ.
ಸ್ವಲ್ಪ ಹೆದರಿಕೆಯಾಯಿತು. ಚೆನ್ನಾಗಿತ್ತು.

ಬಿಚ್ಚಿ ಹಾಕಿದೆ.
ಎರಡು ಮದುವೆ ಕಾರ್ಡು ಕಾಯುತ್ತಿದ್ದವು.